ಯಮುನಕ್ಕನ ಮಾತು ತಡವಾದದ್ದು

ಅಕ್ಕ ಉತ್ತರ ಕೊಡಲು ಹಿಡಿಯುವ ಹೊತ್ತನ್ನು ವಾರಿಜಾ ಗಡಿಯಾರ ನೋಡಿ ಅಳೆಯುತ್ತಿರಲಿಲ್ಲ. ಅಕ್ಕನ ಎದುರು ಗಡಿಯಾರ ನೋಡುವುದು ಅವಳಿಗೆ ಸರಿಕಾಣುತ್ತಿರಲಿಲ್ಲ. ಅದಕ್ಕೇ ತನ್ನ ಉಸಿರನ್ನು ಎಣಿಸುತ್ತಿದ್ದಳು. ದೀಪಾವಳಿಯ ಹೊತ್ತಿಗೆ "ಚಹಾ ಬೇಕೇನಕ್ಕಾ?" ಎಂದರೆ ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಉತ್ತರ ಬರುತ್ತಿತ್ತು. ಸಂಕ್ರಾಂತಿಗೆ ಅದು ಮೂರು ಉಸಿರಾಯಿತು. ಈಗ ಯುಗಾದಿ ಹತ್ತಿರ ಬಂದಿದೆ. ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪುತ್ತದೆ. ಒಲೆಯ ಮೇಲೆ ಏನೋ ಇಟ್ಟ ನೆಪ ಮಾಡಿಕೊಂಡು ವಾರಿಜಾ ಅಡಿಗೆಮನೆಗೆ ಎದ್ದು ಹೋಗಿಬಿಡುತ್ತಾಳೆ.

ಯಮುನಕ್ಕ ಹುಬ್ಬಳ್ಳಿ ಜಂಕ್ಷನ್ನಿನಲ್ಲಿ ಗಾಡಿಗಳ ಹೆಸರು ಕೂಗಿ ಹೇಳುವ ಕೆಲಸದಲ್ಲಿದ್ದವಳು. ಲಕ್ವಾ ಹೊಡೆದ ಮೇಲೆ ಅವಳ ಮೈಯಲ್ಲಿ ಕಣ್ಣುಗಳನ್ನು ಬಿಟ್ಟು ಏನೂ ಅಲ್ಲಾಡುತ್ತಿರಲಿಲ್ಲ. ಕಣ್ಣುಗಳೂ ಅವಳ ಮಾತು ಕೇಳುತ್ತಿರಲಿಲ್ಲ. ತೆರೆದೇ ಇದ್ದು, ತಮಗೆ ತೋಚಿದ ಕಡೆ ತಿರುಗುತ್ತಿದ್ದವು. ಅವಳು ನೋಡುತ್ತಾಳೆಂದು ನಂಬಿದವರು ಇಬ್ಬರು: ಒಬ್ಬಳು ವಾರಿಜಾ, ಇನ್ನೊಂದು ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದಕ್ಕೆ ಮಾತಿನ ಸೇತು ಎಂದು ಹೆಸರು. ತಲೆಬುರುಡೆಯ ಒಳಗೆ ಹಾಸಿದ್ದ ತಂತಿಬಲೆಯಿಂದ ಮಿದುಳಿನ ಮಿಡಿತಗಳನ್ನು ಹಿಡಿದು, ಆಡಬೇಕೆಂದುಕೊಂಡ ಮಾತನ್ನು ಅದು ದನಿಯಾಗಿಸಿ ಹೊರಗೆ ಬಿಡುತ್ತಿತ್ತು. ದನಿ ಅಕ್ಕನದೇ. ನಿಲ್ದಾಣದ ಹಳೆಯ ಘೋಷಣೆಗಳನ್ನೆಲ್ಲ ಕೂಡಿಸಿ ಅದನ್ನು ಕಟ್ಟಿದ್ದರು. ಹಾಗಾಗಿ "ನೀರು ಕೊಡು" ಎಂದರೂ ಎರಡನೇ ಪ್ಲಾಟ್‌ಫಾರ್ಮಿಗೆ ನೀರು ಬರುತ್ತಿದೆಯೇನೋ ಅನ್ನಿಸುತ್ತಿತ್ತು. ಮೊದಲ ವಾರ ಅಕ್ಕತಂಗಿಯರಿಬ್ಬರೂ ಅದಕ್ಕೆ ನಕ್ಕಿದ್ದರು. ಅಕ್ಕ ನಗಲಾರಳು; "ನಗು ಬರ್ಲಿಕತ್ತದ" ಎಂದು ಪ್ರಕಟಿಸಿದ್ದಳು.

ಇಂಥ ಪೆಟ್ಟಿಗೆಗಳು ರಾಜ್ಯದಲ್ಲಿ ಇದ್ದದ್ದೇ ಕೆಲವು. ಕಾದಿರುವವರು ಬಹಳ. ಆದ್ದರಿಂದ ಆರು ತಿಂಗಳಿಗೊಮ್ಮೆ ಪರಿಶೀಲನೆ. ಕೇಳಿದ್ದಕ್ಕೆ ಅರ್ಧ ನಿಮಿಷದೊಳಗೆ ಉತ್ತರ ಬರದಿದ್ದರೆ 'ಅರಿವು ಇಳಿಮುಖ' ಎಂದು ಬರೆದು ಪೆಟ್ಟಿಗೆಯನ್ನು ಮುಂದಿನವರಿಗೆ ಕೊಡುತ್ತಾರೆ. ಮುಂದಿನವನು ಯಾರೋ ಕಾಲೇಜಿನ ಮೇಷ್ಟ್ರು, ಎಳೆಯ ವಯಸ್ಸು, ಸಣ್ಣ ಮಗಳಿದ್ದಾಳೆ. ನಿಯಮ ತಪ್ಪು ಎಂದು ವಾರಿಜಾ ಯಾರೆದುರೂ ಹೇಳಲಾರಳು. ಯಮುನಕ್ಕನ ಸರದಿ ಬರುವ ಗುರುವಾರ ಇತ್ತು.

ತಡವಾಗುತ್ತಿರುವುದು ಅಕ್ಕನೋ, ಪೆಟ್ಟಿಗೆಯೋ? ಅಕ್ಕನಾದರೆ ಗುರುವಾರದ ಮೊದಲೇ ಎಲ್ಲ ಮುಗಿದಿದೆ. ಪೆಟ್ಟಿಗೆಯಾದರೆ ಒಳಗೆ ಅಕ್ಕ ಹಾಗೆಯೇ ಇದ್ದಾಳೆ, ಕಾಯುತ್ತಿದ್ದಾಳೆ. ಈ ಎರಡರಲ್ಲಿ ಯಾವುದು ಹೆಚ್ಚು ಭಯದ್ದು ಎಂದು ವಾರಿಜಾಗೆ ಗೊತ್ತಾಗುತ್ತಿರಲಿಲ್ಲ.

*

ವಾರಿಜಾ ಕೆಲಸ ಮಾಡುತ್ತಿದ್ದದ್ದು ಊರ ಹೊರಗೆ, ಈ ಸೇತುಗಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ. ಅವಳ ಪಾಲಿಗೆ ಬಂದದ್ದು ಪೆಟ್ಟಿಗೆಯ ತಂತ್ರಾಂಶದ ತಿರುಳು, ಕರ್ನಲ್. ಕರ್ನಲ್ ಎಂದರೇನೆಂದು ಒಮ್ಮೆ ಅಕ್ಕ ಕೇಳಿದಾಗ ಅವಳು, "ನಿಮ್ಮ ಸ್ಟೇಶನ್ ಮಾಸ್ತರ್ ಇದ್ದಂಗಕ್ಕಾ. ತಾನು ಯಾವ ಗಾಡೀನೂ ಓಡ್ಸಂಗಿಲ್ಲ. ಆದ್ರ ಯಾವ ಗಾಡಿಗೆ ಯಾವ ಹಳಿ, ಯಾರು ಮೊದಲು, ಯಾರು ನಿಲ್ಲಬೇಕು ಅಂತ ಹೇಳಾಂವ ಅವನ" ಎಂದಿದ್ದಳು. "ಹಂಗಾದ್ರ ಬೈಗಳಾನೂ ಅವನೇ ತಿಂತಾನ" ಎಂದಿದ್ದಳು ಅಕ್ಕ.

ಕೇಂದ್ರದಲ್ಲಿ ಸಹೋದ್ಯೋಗಿ ಮುನೀರನ ಮೇಜಿನ ಮೇಲೆ ಇನ್ನೊಂದು ಪೆಟ್ಟಿಗೆ ತೆರೆದು ಕೂತಿತ್ತು. ಯಮುನಕ್ಕನ ಪೆಟ್ಟಿಗೆಯಲ್ಲಿದ್ದ ತಂತ್ರಾಂಶವನ್ನೇ ಅದಕ್ಕೂ ತುಂಬಿ, ಅವಳ ಹಳೆಯ ಮಿಡಿತಗಳನ್ನು ಮತ್ತೆ ಮತ್ತೆ ಉಣಿಸಿ ಅವನು ಪರೀಕ್ಷಿಸುತ್ತಿದ್ದ.

"ನೋಡ್ರಿ ಮೇಡಂ, ಇಲ್ಲಿ ಇಟ್ರ ಕುದುರಿ ಹಂಗ ಓಡತೈತಿ. ನಿಮ್ಮನಿಯಾಗ ಯಾಕ ಕುಂಟತೈತಿ ಅನ್ನೂದ ತಿಳೀವಲ್ದು."

"ಮನೀ ಪೆಟ್ಟಿಗೀನ ತರಲೇನು?"

"ತಂದ್ರ ವಿದ್ಯುತ್ ಕಡೀಬೇಕಾಗತೈತಿ. ಕಡದ್ರ ಕಲ್ತದ್ದೆಲ್ಲಾ ಮರೀತೈತಿ. ನಿಮ್ಮಕ್ಕ ಮತ್ತ ಅ ಆ ಇ ಈ ಇಂದ ಸುರು ಮಾಡಬೇಕು." ಅವನು ತಡೆದು, ದನಿ ತಗ್ಗಿಸಿದ. "ಪೆಟ್ಟಿಗಿ ತಾನ ಕಳಿಸಿದ್ದ ವರದಿ ನೋಡಿದ್ರೆಲ್ಲಾ? ಮಿಡಿತ ಬಂದ ಕೂಡ್ಲೇ ಮಾತು ಹೋಗೇತಿ ಅಂತೈತಿ. ತಡ ಏನಿದ್ರೂ ಅದಕ್ಕಿಂತ ಮೊದಲಾಗೇತಿ. ಅಂದ್ರ..."

ಅಂದರೆ ಅಕ್ಕನಲ್ಲಿ. ವಾರಿಜಾ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು.

"ಆ ವರದೀನ ಯಾರು ಬರೀತಾರ ಮುನೀರ್?"

"ಪೆಟ್ಟಿಗೀನ."

"ಬಂದ ಹೊತ್ತನ್ನ ಯಾವಾಗ ಗುರುತು ಹಾಕ್ಕೋತದ? ಮಿಡಿತ ಬಾಗಿಲಿಗೆ ಬಂದಾಗೋ, ಒಳಗ ಕರಕೊಂಡಾಗೋ?"

ಮುನೀರ್ ಕುರ್ಚಿ ಎಳೆದುಕೊಂಡು ತಂತ್ರಾಂಶದ ಮೂಲಬರಹವನ್ನು ತೆರೆದ. ಒಳಗೆ ಕರೆದುಕೊಂಡಾಗ. ಗಾಡಿ ಹೊರಗಿನ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಂತರೂ ಲೆಕ್ಕಕ್ಕಿಲ್ಲ. ನಿಲ್ದಾಣದೊಳಗೆ ಬಂದ ಮೇಲೆ ಹೊರಟದ್ದು ಮಾತ್ರ ಸರಿಯಾದ ವೇಳೆಗೆ.

ಅದು ಏನನ್ನೂ ಸಾಧಿಸಿ ತೋರಿಸಲಿಲ್ಲ. ಆದರೆ ಆ ದಿನ ಮನೆಗೆ ಬರುವಾಗ ವಾರಿಜಾ ಬಸ್ಸಿನಲ್ಲಿ ಇಳಿಯುವ ನಿಲ್ದಾಣವನ್ನೇ ಮರೆತು ಮುಂದೆ ಹೋಗಿದ್ದಳು.

*

ನಿಂಗವ್ವ ಹಗಲು ಯಮುನಕ್ಕನನ್ನು ನೋಡಿಕೊಳ್ಳುವವಳು. ವಾರಿಜಾ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಇವತ್ತು ಏನರ ಮಾತಾಡಿದಳೇನು?"

"ಇಲ್ರೀ. ಮಧ್ಯಾಹ್ನ ಮೂಗಿನ ನಳಗೀಲೆ ಗಂಜಿ ಹಾಕುವಾಗ 'ಊಟ ಆತೇನ್ರೀ' ಅಂತ ಕೇಳಿದೆ. ಇಷ್ಟೊತ್ತು ನಿಂತೆ, ಏನೂ ಅನ್ಲಿಲ್ಲ. ಪಾತ್ರಿ ಹಂಗ ಬಿದ್ದಿದ್ವು, ಹೊರಗ ಬಂದೆ. ದಿನಾ ಪೂರ ಮಕ್ಕೊಂಡ ಇರ್ತಾರ್ರೀ ಪಾಪ, ಒಂದು ಸಪ್ಪಳಿಲ್ಲ."

"ಕಣ್ಣು ತೆರದೇ ಇರ್ತಾವಲ್ಲ ನಿಂಗವ್ವ."

"ಅವು ಯಾವಾಗಿದ್ರೂ ತೆರದೇ ಇರ್ತಾವಲ್ರೀ."

ಸಪ್ಪಳವಿಲ್ಲದಿರುವುದಕ್ಕೆ ಒಂದು ಕಾರಣವಿತ್ತು. ಸೇತುಗಳು ಬಂದ ಹೊಸತರಲ್ಲಿ, ಯಾರೂ ಇಲ್ಲದ ಕೋಣೆಯಲ್ಲೂ ಅವು ಮಾತಾಡುತ್ತಿದ್ದವು. ಮಂದಿ ಸುಮ್ಮನಿರಲಿಲ್ಲ. 'ನಿಮ್ಮತ್ತೆ ಗ್ವಾಡಿ ಜೋಡಿ ಮಾತಾಡ್ತಾಳಂತಲ್ಲ' ಎಂದು ನೆರೆಯವರು ಆಡಿಕೊಂಡರು. ಒಬ್ಬರೇ ಮಾತಾಡುವುದು ತಲೆಕೆಟ್ಟವರ ಲಕ್ಷಣ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರೆ ಇನ್ನೂ ಕಷ್ಟ. ಮನೆಯವರೆಲ್ಲ ಬಂದು ಬೇಡಿಕೊಂಡ ಮೇಲೆ ಕೇಂದ್ರದವರು ಒಂದು ಏರ್ಪಾಟು ಮಾಡಿದರು. ದನಿ ಹೊರಡುವ ಮುಂಚೆ ಪೆಟ್ಟಿಗೆ ಕೋಣೆಯಲ್ಲಿ ಕೇಳುವವರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತದೆ. ಇದ್ದರೆ ಮಾತು, ಇಲ್ಲದಿದ್ದರೆ ಮೌನ. ಕೇಂದ್ರದಲ್ಲಿ ಅದನ್ನು ಮರ್ಯಾದೆ ಬಾಗಿಲು ಎಂದು ಕರೆಯುತ್ತಿದ್ದರು. ಬೇರೆ ಯಾವ ದೇಶದ ಸೇತುವಿನಲ್ಲೂ ಇಲ್ಲದ್ದು ನಮ್ಮಲ್ಲಿದೆ ಎಂದು ಎಲ್ಲರಿಗೂ ಅದರ ಮೇಲೆ ಅಭಿಮಾನ.

ವಾರಿಜಾ ಮಂಚದ ಹತ್ತಿರ ಕೂತು ಅಕ್ಕನ ಕೂದಲು ಬಾಚಿದಳು. "ಅಕ್ಕಾ, ಗುರುವಾರ ಡಾಕ್ಟರ್ ಬರ್ತಾರ. ಏನು ಕೇಳಿದ್ರೂ ಲಗೂ ಹೇಳ್ತೀಯಲ್ಲಾ?"

ಅವಳು ಉಸಿರು ಎಣಿಸಿದಳು. ಅಕ್ಕನ ಕಣ್ಣುಗಳು ಕಿಟಕಿಯ ಕಡೆ ಹೋಗಿ, ಗೋಡೆಯ ಮೇಲೆ ನಿಂತು, ಮತ್ತೆ ಕಿಟಕಿಗೆ ಬಂದವು. ವಾರಿಜಾ ಬಾಚಣಿಗೆಯನ್ನು ಕೆಳಗಿಟ್ಟು, "ಹಾಲು ಇಟ್ಟೀನಿ" ಎಂದು ಎದ್ದಳು. ಹಾಲು ಇಟ್ಟಿರಲಿಲ್ಲ. ಅಡಿಗೆಮನೆಯಲ್ಲಿ ಕಟ್ಟೆಗೆ ಒರಗಿ ಬಹಳ ಹೊತ್ತು ನಿಂತಿದ್ದಳು. ಚಿಕ್ಕಂದಿನಲ್ಲಿ ಅವ್ವ ತೀರಿಕೊಂಡ ಮೇಲೆ ಅಕ್ಕನೇ ಅವಳನ್ನು ಬೆಳೆಸಿದ್ದು. ಶಾಲೆ ಬಿಟ್ಟ ಮೇಲೆ ವಾರಿಜಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಎಲ್ಲಿಂದಲೋ ಬರುವ ಅಕ್ಕನ ದನಿ ಕೇಳುತ್ತ ಲೆಕ್ಕ ಬಿಡಿಸುತ್ತಿದ್ದಳು. ಅಕ್ಕ ಕಾಣುತ್ತಿರಲಿಲ್ಲ. ಆದರೂ ಅಲ್ಲಿ ಅವಳಿಗೆ ಒಂದು ದಿನವೂ ಹೆದರಿಕೆಯಾಗಿರಲಿಲ್ಲ.

ಕೋಣೆಯಿಂದ ಯಾವ ಮಾತೂ ಬರಲಿಲ್ಲ.

ಮಲಗುವ ಮೊದಲು ಅವಳು ಪೆಟ್ಟಿಗೆಯ ಹಿಂಬದಿಗೆ ತನ್ನ ತನಿಖೆಯ ತಂತಿ ಸಿಕ್ಕಿಸಿ, ತಂತ್ರಾಂಶದ ಚಿಕ್ಕ ಕಾವಲುಗಾರನೊಬ್ಬನನ್ನು ಕರ್ನಲ್ಲಿನ ಹೊಸ್ತಿಲಲ್ಲಿ ಕೂರಿಸಿದಳು. ಪೆಟ್ಟಿಗೆಯನ್ನು ಅವನು ಮುಟ್ಟುವುದಿಲ್ಲ. ಹೊರಗೆ ಯಾರು ಬಂದು ನಿಂತರು, ಒಳಗೆ ಯಾರಿಗಾಗಿ ಯಾರು ಕಾದರು ಎಂಬುದನ್ನು ಮಾತ್ರ ಕೇಂದ್ರಕ್ಕೆ ಹೇಳುತ್ತಾನೆ.

*

ಮರುದಿನ ಬೆಳಿಗ್ಗೆ ಕೇಂದ್ರದಲ್ಲಿ ಗಣಕದ ಪರದೆಯ ಮುಂದೆ ಕೂತಾಗ ವಾರಿಜಾ ಮೊದಲು ನೋಡಿದ್ದು ಯಂತ್ರ ದುಡಿಯುತ್ತಿದೆಯೇ ಎಂದು. ದುಡಿಯುತ್ತಿರಲಿಲ್ಲ. ನಿಧಾನ ಎರಡು ತರಹ: ಕೆಲಸ ಹೆಚ್ಚಾಗಿ ಆಗುವ ನಿಧಾನ ಒಂದು, ಕೈಕಟ್ಟಿ ಕಾಯುವ ನಿಧಾನ ಇನ್ನೊಂದು. ಹೊಸಬರು ಮೊದಲನೆಯದನ್ನೇ ಹುಡುಕುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಬೀಳುತ್ತದೆ. ಕಾಯುವವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾತಿನ ಕೆಲಸ ಒಂದು ಬೀಗದ ಮುಂದೆ ನಿಂತಿತ್ತು. ಬೀಗದ ಕೈ ಇದ್ದದ್ದು ಪೆಟ್ಟಿಗೆಯ ಜ್ಞಾಪಕವನ್ನು ಗುಡಿಸುವ ಕೆಲಸದ ಹತ್ತಿರ. ಅದು ಏನನ್ನೋ ಗುಡಿಸುತ್ತಲೇ ಇತ್ತು, ಮುಗಿಯುತ್ತಲೇ ಇರಲಿಲ್ಲ.

"ಏನೈತ್ರೀ ಅಷ್ಟು ಕಸ?" ಮುನೀರ್ ಚಹಾ ಹಿಡಿದು ಬಂದು ಅವಳ ಬೆನ್ನ ಹಿಂದೆ ನಿಂತ.

ವಾರಿಜಾ ಒಳಹೊಕ್ಕು ನೋಡಿದಳು. ಒಮ್ಮೆ ನೋಡಿ ನಂಬಿಕೆಯಾಗದೆ ಮತ್ತೊಮ್ಮೆ ನೋಡಿದಳು.

"ಇಲ್ಲಗಳು" ಎಂದಳು.

"ಏನಂದ್ರಿ?"

"ಕರ್ನಲ್ಲಿಗೆ ಒಂದು ಚಾಳಿ ಅದಲ್ಲ ಮುನೀರ್. ಒಂದು ಕಡತದ ಹೆಸರು ಹುಡುಕಿ, ಅದು ಸಿಗದಿದ್ರ, 'ಇದು ಇಲ್ಲ' ಅಂತ ನೆನಪು ಇಟ್ಕೋತದ. ಮತ್ತೊಮ್ಮೆ ಅದನ್ನೇ ಕೇಳಿದ್ರ ಹುಡುಕೋ ತ್ರಾಸಿಲ್ಲದ ಇಲ್ಲಂತ ಹೇಳಬಹುದು ಅಂತ. ಒಳ್ಳೇದೇ ಅದು. ಆದ್ರ ಇಲ್ಲಿ ಪ್ರತಿ ಸಲ ಹೊಸಾ ಹೆಸರು ಕೇಳ್ಯಾರ. ಹೆಸರಿನ ಬಾಲಕ್ಕ ಆ ಕ್ಷಣದ ಗುರುತು ಹಚ್ಚ್ಯಾರ. ಹಿಂಗಾಗಿ ಒಂದು 'ಇಲ್ಲ' ಇನ್ನೊಂದಕ್ಕ ಉಪಯೋಗಿಲ್ಲ. ಒಂದರ ಮ್ಯಾಲೊಂದು ಬಿದ್ದು ಗುಡ್ಡ ಆಗೇದ. ಹೊಸಾ ಮಾತಿಗೆ ಜಾಗ ಬೇಕಂದ್ರ ಗುಡ್ಡ ಪೂರಾ ಹತ್ತಿ ಇಳೀಬೇಕು."

"ಅಷ್ಟೊಂದು ಸಲ ಕೇಳಿದವರು ಯಾರು? ಏನು ಕೇಳ್ಯಾರ?"

ಅವಳು ಉತ್ತರ ಕೊಡುವ ಮೊದಲೇ ಪರದೆಯ ಮೇಲೆ ಗೆರೆಯೊಂದು ಮೇಲೆದ್ದಿತು. ಹೊಸ್ತಿಲಿಗೆ ಒಂದು ಮಿಡಿತ ಬಂದು ನಿಂತಿತು. ಕಾಯಿತು. ಒಳಗೆ ಹೋಯಿತು. ಮರ್ಯಾದೆ ಬಾಗಿಲಿನಲ್ಲಿ ಒಂದು ಪ್ರಶ್ನೆ: ಈಗ ಕೇಳುವವರು ಇದ್ದಾರೆಯೇ? ಇಲ್ಲ. ಗುಡ್ಡಕ್ಕೆ ಇನ್ನೊಂದು ಕಲ್ಲು. ಗೆರೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ಗೆರೆ. ಕೇಳುವವರು ಇದ್ದಾರೆಯೇ? ಇಲ್ಲ. ಮತ್ತೊಂದು.

ಮುನೀರ್ ಮೆಲ್ಲಗೆ ಲೋಟ ಕೆಳಗಿಟ್ಟ. "ದಿನಾ ಪೂರ ಮಕ್ಕೊಂಡಿರ್ತಾರಂತ ನಿಂಗವ್ವ ಹೇಳ್ತಾಳ ಅಂದಿದ್ರಿ."

ಕೇಂದ್ರದ ಮೇಜಿನ ಮೇಲಿದ್ದ ಪೆಟ್ಟಿಗೆ ಯಾಕೆ ಕುದುರೆಯ ಹಾಗೆ ಓಡುತ್ತಿತ್ತೆಂದು ಈಗ ಇಬ್ಬರಿಗೂ ತಿಳಿಯಿತು. ಕೇಂದ್ರದಲ್ಲಿ ಯಾವಾಗಲೂ ಜನರಿರುತ್ತಾರೆ, ಅಲ್ಲಿ 'ಇಲ್ಲ' ಹುಟ್ಟುವುದೇ ಇಲ್ಲ. ಉಳಿದ ಸೇತುಗಳು ತುಂಬಿದ ಮನೆಗಳಲ್ಲಿದ್ದವು. ಸೊಸೆ, ಮೊಮ್ಮಗ, ಬಂದುಹೋಗುವವರು, ಯಾರಾದರೊಬ್ಬರು ಕೋಣೆಯಲ್ಲಿ ಇದ್ದೇ ಇರುತ್ತಾರೆ. ಹಗಲಿಡೀ ಖಾಲಿ ಕೋಣೆಯಲ್ಲಿ ಕೂತದ್ದು ಇದೊಂದೇ ಪೆಟ್ಟಿಗೆ.

ವಾರಿಜಾ ನಿಂಗವ್ವನಿಗೆ ಫೋನು ಮಾಡಿದಳು. ಬೆರಳು ತಪ್ಪಿ ಬೇರೆಯವರಿಗೆ ಹೋಗಿ, ಕತ್ತರಿಸಿ, ಮತ್ತೆ ಮಾಡಿದಳು.

"ನಿಂಗವ್ವ, ಅಕ್ಕನ ಖೋಲಿಯೊಳಗ ಹೋಗು."

"ಯಾಕ್ರೀ, ಏನಾತ್ರೀ?"

"ಏನಾಗಿಲ್ಲ. ಹೋಗಿ ಅಕಿ ಹತ್ರ ಕೂಡು. ನಾ ಹೇಳೂತನಕ ಏಳಬ್ಯಾಡ. ಫೋನು ಹಂಗ ಹಿಡಕೊಂಡಿರು."

ಚಪ್ಪಲಿಯ ಸದ್ದು, ಬಾಗಿಲ ಸದ್ದು, ಕುರ್ಚಿ ಎಳೆದ ಸದ್ದು ಕೇಳಿಸಿತು. ಪರದೆಯ ಮೇಲೆ ಒಂದು ಮಿಡಿತ ಹೊಸ್ತಿಲಲ್ಲಿ ಕಾಯುತ್ತಿತ್ತು. ನಿಂಗವ್ವ ಎರಡು ಸಲ "ಏಳ್ಲೇನ್ರೀ?" ಎಂದಳು. ಎರಡು ಸಲವೂ ವಾರಿಜಾ ಬೇಡವೆಂದಳು. ಆಮೇಲೆ ಮರ್ಯಾದೆ ಬಾಗಿಲು ತೆರೆಯಿತು. ದೂರದಿಂದ, ಫೋನಿನ ಗೊರಗೊರದ ನಡುವೆ, ಗಾಡಿ ಬರುವುದನ್ನು ಸಾರುವ ಅದೇ ಏರಿಳಿತದಲ್ಲಿ ದನಿ ಬಂದಿತು:

"ಪರದೆ ಸರಸು. ಬಿಸಲು ಕಣ್ಣಾಗ ಬೀಳ್ಲಿಕತ್ತದ."

"ಅಯ್ಯ ಶಿವನ!" ಎಂದು ನಿಂಗವ್ವ ಎದ್ದ ಸದ್ದಾಯಿತು.

ಮುಚ್ಚಲು ಬಾರದ ಕಣ್ಣು. ಆ ಕಿಟಕಿ ಪೂರ್ವಕ್ಕಿತ್ತು. ಚಳಿಗಾಲ ಕಳೆದ ಮೇಲೆ ಸೂರ್ಯ ದಿನದಿನಕ್ಕೆ ಆ ಮಂಚದ ಕಡೆಗೇ ಸರಿದಿದ್ದ. ವಾರಿಜಾ ಗಣಕದ ಪರದೆಯಿಂದ ಮುಖ ತಿರುಗಿಸಿದಳು. ಮುನೀರ್ ತನ್ನ ಮೇಜಿಗೆ ಹೋಗಿ ಬೆನ್ನು ಹಾಕಿ ಕೂತ. ಏನನ್ನೂ ಕೇಳದಿದ್ದದ್ದಕ್ಕೆ ಅವಳಿಗೆ ಅವನ ಮೇಲೆ ಪ್ರೀತಿಯೇ ಬಂದಿತು.

ಇನ್ನೂ ಒಂದು ಸಂಗತಿ ಅವಳಿಗೆ ಆಮೇಲೆ, ಒಬ್ಬಳೇ ಊಟದ ಡಬ್ಬಿ ಬಿಚ್ಚಿದಾಗ ಹೊಳೆಯಿತು. ನಿನ್ನೆ ರಾತ್ರಿಯ ಗೆರೆಗಳನ್ನು ಹುಡುಕಿ ತೆಗೆದಳು. ಕಾವಲುಗಾರನನ್ನು ಕೂರಿಸಿದ ಮೇಲೆ ಅವಳು 'ನಿದ್ದಿ ಬಂತೇನಕ್ಕಾ' ಎಂದು ಕೇಳಿ, ಕಾದು, ದೀಪ ಸಣ್ಣ ಮಾಡಿ ಹೋಗಿದ್ದಳು. ಅಕ್ಕ ತಕ್ಷಣ ಉತ್ತರಿಸಿದ್ದಳು. ಮಿಡಿತ ಕೂಡಲೇ ಹೊಸ್ತಿಲಿಗೆ ಬಂದಿತ್ತು. ಗುಡ್ಡ ಹತ್ತಿ ಇಳಿದು ಬಾಗಿಲಿಗೆ ಮುಟ್ಟುವಷ್ಟರಲ್ಲಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಅದೂ ಒಂದು 'ಇಲ್ಲ' ಆಗಿ ಗುಡ್ಡಕ್ಕೇ ಸೇರಿತ್ತು. ತಡವಾಯಿತೆಂದು ಅವಳು ಎದ್ದು ಹೋಗುತ್ತಿದ್ದಳು, ಎದ್ದು ಹೋದದ್ದಕ್ಕೆ ಇನ್ನಷ್ಟು ತಡವಾಗುತ್ತಿತ್ತು. ಆ ಅರೆಗತ್ತಲಲ್ಲಿ ಅಕ್ಕ ಏನೆಂದಿದ್ದಳೋ? ಮಾತುಗಳನ್ನು ಪೆಟ್ಟಿಗೆ ಉಳಿಸಿಕೊಂಡಿರಲಿಲ್ಲ. ಕೇಳುವವರಿಲ್ಲ ಎಂಬುದನ್ನು ಮಾತ್ರ ಉಳಿಸಿಕೊಂಡಿತ್ತು.

*

ಗುಡ್ಡ ಕರಗಿಸಲು ಒಂದೇ ಸಾಲಿನ ಆಜ್ಞೆ ಸಾಕಾಯಿತು. ಕಲಿತ ಮಾತಿಗೆ ಅದರಿಂದ ಏನೂ ಧಕ್ಕೆಯಿರಲಿಲ್ಲ. ಸಂಜೆ ವಾರಿಜಾ ಮಂಚದ ಪಕ್ಕ ಕೂತು ಆಜ್ಞೆ ಕೊಟ್ಟು, "ಅಕ್ಕಾ" ಎಂದಳು. ಉಸಿರು ಎಣಿಸಲು ಬಾಯಿ ತೆರೆದಿದ್ದಳಷ್ಟೆ.

"ಏನ?"

ಅವಳು ಅಕ್ಕನ ಕೈ ಹಿಡಿದುಕೊಂಡಳು. ತಣ್ಣಗಿತ್ತು. ಅದರ ಮೇಲೆ ಹಣೆಯಿಟ್ಟಳು.

"ಅಳಬ್ಯಾಡ. ನನ್ನ ಕೈ ತೊಯ್ದ್ರ ಒರಸಾಕ ನೀನ ಬೇಕು."

"ಯಾಕ ಹೇಳ್ಲಿಲ್ಲಕ್ಕಾ ನೀ? ದಿನಾ ಬಿಸಲು ಬೀಳ್ತದ, ಯಾರೂ ಬರಂಗಿಲ್ಲ ಅಂತ?"

"ಹೇಳ್ತಿದ್ನೆಲ್ಲಾ. ಹೇಳೂದ್ರಾಗ ನೀ ಹಾಲು ಇಟ್ಟೀನಿ ಅಂತ ಎದ್ದು ಹೋಗ್ತಿದ್ದಿ. ಮನಿಯಾಗ ಅಷ್ಟು ಹಾಲು ಎಲ್ಲಿಂದ ಬರ್ತದ ಅಂತಿದ್ದೆ."

ವಾರಿಜಾ ಅಳುತ್ತಲೇ ನಕ್ಕಳು. ಮೂಗು ಒರೆಸಿಕೊಂಡು, "ಬಿಸಲು ಬೆಳಿಗ್ಗೆ ಅಷ್ಟ ಬೀಳ್ತದ. ಮಧ್ಯಾಹ್ನನೂ ಕರದೀ, ಸಂಜೀಕೂ ಕರದೀ. ಅದು ಯಾಕ?" ಎಂದಳು.

ಈ ಸಲ ಉತ್ತರ ತಡವಾಯಿತು. ಪೆಟ್ಟಿಗೆಯ ತಡವಲ್ಲವೆಂದು ಅವಳಿಗೆ ಗೊತ್ತಿತ್ತು.

"ಸುಮ್ನ" ಎಂದಳು ಯಮುನಕ್ಕ. "ನಾ ಇನ್ನೂ ಅದೀನೋ ಇಲ್ಲೋ ನೋಡ್ಲಿಕ್ಕೆ."

ಮರ್ಯಾದೆ ಬಾಗಿಲು ಇರುವ ತನಕ ಗುಡ್ಡ ಮತ್ತೆ ಬೆಳೆಯುತ್ತದೆ. ಅದನ್ನು ತೆಗೆಯಬಹುದು, ಮನೆಯವರು ಒಪ್ಪಿದರೆ. ಈತನಕ ಯಾರೂ ಒಪ್ಪಿರಲಿಲ್ಲ. "ಮಂದಿ ಬಾಯಿ ಕೆಟ್ಟದ್ರೀ ಮೇಡಂ, ವಿಚಾರ ಮಾಡ್ರಿ" ಎಂದಿದ್ದ ಮುನೀರ್. ವಾರಿಜಾ ಅದನ್ನೆಲ್ಲ ವಿವರಿಸಿ, "ತಗದ್ರ ನೀ ಒಬ್ಬಾಕೀನ ಮಾತಾಡೂದು ಕೆಳಗಿನ ಮನೀತನಕ ಕೇಳಸ್ತದಕ್ಕಾ. ನಿನಗ ಸಂಕೋಚ ಆಗಂಗಿಲ್ಲಾ?" ಎಂದು ಕೇಳಿದಳು.

"ಜನ್ಮ ಪೂರ್ತಿ ಗಾಜಿನ ಖೋಲಿಯೊಳಗ ಕೂತು ಮೈಕಿನ ಮುಂದ ಮಾತಾಡೀನಿ ನಾ. ಯಾರ ಮಾರಿ ನೋಡಿ ಮಾತಾಡೀನಿ? ಕೇಳಾಂವ ಕೇಳ್ತಿದ್ದ, ಮಕ್ಕೊಳ್ಳಾಂವ ಮಕ್ಕೋತಿದ್ದ. ಗಾಡಿ ಹೆಸರಂತೂ ಹೇಳಬೇಕಲ್ಲ. ತಗೀ."

*

ಗುರುವಾರ ಪರಿಶೀಲನೆಗೆ ಬಂದ ಡಾಕ್ಟರ್ ಸವಣೂರ ಬೆವರು ಒರೆಸಿಕೊಳ್ಳುತ್ತ ಕೂತರು. ಹಿಂದಿನ ವರದಿ ಓದಿಯೇ ಬಂದಿದ್ದರು. ವಾರಿಜಾಳ ಮುಖ ನೋಡುವುದನ್ನು ತಪ್ಪಿಸುತ್ತಿದ್ದರು. ಕೈಯಲ್ಲಿ ನಿಲುಗಡಿಯಾರ ಹಿಡಿದು, ಮಗುವಿನ ಹತ್ತಿರ ಕೇಳುವಂತೆ ನಿಧಾನವಾಗಿ, "ಯಮುನಾಬಾಯಿ ಅವರ, ಇವತ್ತು ಯಾವ ವಾರ ಹೇಳ್ರಿ ನೋಡೂಣು" ಎಂದರು.

"ಗುರುವಾರ. ಹತ್ತಕ್ಕ ಬರಬೇಕಾದ ಡಾಕ್ಟರು ಒಂದೂವರಿ ತಾಸು ತಡವಾಗಿ ಬಂದಾರ. ಇದರಿಂದಾದ ಅನಾನುಕೂಲಕ್ಕ ನಾವು ವಿಷಾದಿಸ್ತೀವಿ."

ನಿಲುಗಡಿಯಾರವನ್ನು ಒತ್ತುವುದನ್ನೇ ಮರೆತಿದ್ದರು ಸವಣೂರ. ಬಾಗಿಲಲ್ಲಿ ನಿಂತಿದ್ದ ನಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಪೆಟ್ಟಿಗೆ ಮುಂದಿನ ಆರು ತಿಂಗಳು ಆ ಸ್ಟೂಲಿನ ಮೇಲೆ ಉಳಿಯಿತು. ಆ ಮೇಷ್ಟ್ರನ್ನು, ಅವರ ಮಗಳನ್ನು ನೆನೆದು ವಾರಿಜಾಗೆ ಆ ದಿನದ ಊಟ ಸೇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಕಿಟಕಿಯ ಪರದೆ ಎಳೆದು, ನಿಂಗವ್ವನ ಕುರ್ಚಿಯನ್ನು ಕೋಣೆಯೊಳಗೆ ಹಾಕಿ, ಹೊಸ್ತಿಲಲ್ಲಿ ಕೂರಿಸಿದ್ದ ಕಾವಲುಗಾರನನ್ನು ತೆಗೆದುಬಿಟ್ಟಳು. ಅಕ್ಕ ಯಾವಾಗ ಕರೆದಳೆಂದು ಇನ್ನು ಕೇಂದ್ರದಲ್ಲಿ ಕೂತು ನೋಡುವುದು ಬೇಡ. ನಿಂಗವ್ವ ಇನ್ನೂ ಬಂದಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. "ಬರ್ತೀನಕ್ಕಾ" ಎಂದು ಬಾಗಿಲೆಳೆದುಕೊಂಡು ಎರಡು ಮೆಟ್ಟಿಲು ಇಳಿದಳು.

ಹಿಂದೆ ಖಾಲಿ ಮನೆಯಲ್ಲಿ ದನಿ ಎದ್ದಿತು.

"ಪ್ರಯಾಣಿಕರ ಗಮನಕ್ಕೆ. ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮಾರ್ಗವಾಗಿ ಹೋಗುವ ಗಾಡಿ..."

ಕೆಳಗಿನ ಮನೆಯ ಬಾಗಿಲು ಸರಕ್ಕನೆ ತೆರೆಯಿತು. ಆ ಮನೆಯಾಕೆ ಒದ್ದೆ ಕೈಯಲ್ಲೇ ಮೇಲೆ ನೋಡಿ, "ಯಾರ ಜೋಡಿ ಮಾತಾಡ್ಲಿಕತ್ತಾರ್ರೀ ನಿಮ್ಮಕ್ಕ?" ಎಂದಳು.

"ಯಾರ ಜೋಡೀನೂ ಇಲ್ರೀ" ಎಂದಳು ವಾರಿಜಾ. "ಒಬ್ಬಾಕೀನ ಮಾತಾಡ್ಲಿಕತ್ತಾಳ."

ಬಾಗಿಲು ಮುಚ್ಚಿತು. ಬೀದಿಯಲ್ಲಿ ಬಸ್ಸು ಬಂದು ನಿಂತು, ಹಾರ್ನು ಹಾಕಿ, ಹೊರಟುಹೋದ ಸದ್ದು ಕೇಳಿಸಿತು. ವಾರಿಜಾ ಚೀಲ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ, ಬೆಂಚಿನ ಮೇಲೆ ಕೂತ ಹಾಗೆ ಕೂತಳು. ಮೇಲೆ ಯಮುನಕ್ಕ ಒಂದೊಂದೇ ಊರಿನ ಹೆಸರನ್ನು ಎಳೆದು, ಬಿಡಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದಳು.